ಅಸ್ಫಾಕನ ಪರದೆ ಮೇಲಿನ ಎಂಟು

ನಿಪ್ಪಾಣಿಯ ತಂಬಾಕು ಗೋದಾಮಿನ ಮಹಡಿಯಲ್ಲಿ ಒಂದು ಪುಟ್ಟ ಆಫೀಸು. ದೂರದ ಬ್ಯಾಂಕೊಂದರ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವುದು ಅಲ್ಲಿನ ಕೆಲಸ. ಅಲ್ಲಿ ಕೆಲಸಕ್ಕಿದ್ದ ಐಗಳಿಯ ದುಂಡೇಶನಿಗೆ ಬೇಕಿದ್ದುದು ಮಾತ್ರ ಹಿರಿಯ ಪ್ರೋಗ್ರಾಮರ್ ಉಜ್ವಲಾಳ ಪಕ್ಕದ ಕುರ್ಚಿ. ಹೊಸ ಕೆಲಸಕ್ಕೆ ಜೊತೆಗಾರನನ್ನು ಅವಳೇ ಆರಿಸಬೇಕಿತ್ತು. ಹೆಸರನ್ನು ಆಫೀಸಿನ ಯಜಮಾನ ಭಾವುಸಾಹೇಬರು ಸಂಜೆ ಹೇಳುವವರಿದ್ದರು.

ಅಡ್ಡ ಬಂದವನು ಕುಡಚಿಯ ಅಸ್ಫಾಕ. ಅವನ ತಾಯಿ ಮದಿನಾಬಿ ಕಳಿಸಿದ ಶ್ಯಾವಿಗೆ ಖೀರನ್ನು ಉಜ್ವಲಾ ಚಮಚ ನೆಕ್ಕಿ ನೆಕ್ಕಿ ತಿಂದಳು. ಡಬ್ಬಿ ದುಂಡೇಶನ ಹತ್ತಿರ ಬರುವಷ್ಟರಲ್ಲಿ ತಳ ಕಾಣುತ್ತಿತ್ತು. ಅಸ್ಫಾಕ ಅವಳನ್ನು ‘ಅಕ್ಕಾ’ ಎನ್ನುತ್ತಿದ್ದ ನಿಜ. ಆದರೆ ದುಂಡೇಶ ನೋಡಿದ ಪಿಚ್ಚರುಗಳಲ್ಲಿ ವಿಲನ್‌ಗಳೆಲ್ಲ ಮೊದಲ ಸೀನಿನಲ್ಲಿ ಒಳ್ಳೆಯವರೇ.

ಅಸ್ಫಾಕ ಚಹಾಕ್ಕೆ ಇಳಿದದ್ದೇ ತಡ, ದುಂಡೇಶ ಅವನ ಕುರ್ಚಿಯಲ್ಲಿ ಕುಳಿತ. ಫೈಲು ಮುಟ್ಟುವ ಮೊದಲು ಪ್ರೋಗ್ರಾಮು ‘ಇದನ್ನು ನನಗೆ ಬಿಟ್ಟುಕೊಡು’ ಎಂದು ಮೇನ್‌ಫ್ರೇಮನ್ನು ಕೇಳಬೇಕು. ಅದು ಒಂದು ಅಂಕಿಯಲ್ಲಿ ಉತ್ತರ ಕೊಡುತ್ತದೆ. ಸೊನ್ನೆ ಬಂದರೆ ಸುಖ, ನಾಲ್ಕು ಬಂದರೆ ಎಚ್ಚರಿಕೆ, ಎಂಟು ಬಂದರೆ ಕೆಲಸ ಕೆಟ್ಟಿತು ಎಂಬುದು ಆಫೀಸಿನ ಬಾಯಿಪಾಠ. ಅಸ್ಫಾಕನ ಬೇಡಿಕೆಗಿಂತ ಮೇಲಿನ ಸಾಲಿನಲ್ಲಿ ದುಂಡೇಶ ಅದೇ ಬೇಡಿಕೆಯನ್ನು ಇನ್ನೊಮ್ಮೆ ತುರುಕಿದ. ಅಷ್ಟಕ್ಕೇ ಎದ್ದಿದ್ದರೆ ಅವನು ದುಂಡೇಶನೇ ಅಲ್ಲ. ಯಂತ್ರ ಓದದ ಟಿಪ್ಪಣಿ ಸಾಲಿನಲ್ಲಿ ಒಂದು ಡೈಲಾಗು ಬಿಟ್ಟ.

ಅಸ್ಫಾಕ ಬಂದು ಪ್ರೋಗ್ರಾಮು ಓಡಿಸಿದ. ಎಂಟು ಬಂತು.

“ಸಾಹೇಬ್ರ, ಎಂಟ್ ಬಂದೈತ್ರಿ,” ದುಂಡೇಶ ಕಾಲರ್ ಎಳೆದುಕೊಂಡ. “ಇಂಟರ್ವಲ್‌ಕ್ಕ ಹೀರೋ ಸತ್ತರ, ಮುಂದ ಪಿಚ್ಚರ್ ಯಾರ್ ನೋಡ್ತಾರ್ರಿ?”

ಭಾವುಸಾಹೇಬರು ಕನ್ನಡಕ ಏರಿಸಿದರು. “ಏನೋ ಅಸ್ಫಾಕ, ಬ್ಯಾಂಕಿನವ್ರಿಗೆ ಇವತ್ತ ತೋರಸ್ಬೇಕಲ್ಲೋ.”

ಅಸ್ಫಾಕನ ಮುಖ ಬಿಳಿಚಿತು. ಉಜ್ವಲಾ ಮಾತ್ರ ಕೈಪಿಡಿಯ ಪುಟ ತೆರೆದಳು.

“ತಡೀರಿ ಸಾಹೇಬ್ರ. ಎಲ್ಲಾ ಕಡೆ ಎಂಟರ ಅರ್ಥ ಒಂದ ಇರಂಗಿಲ್ಲ. ಇಲ್ಲಿ ಕೆಟ್ಟೈತಿ ಅಂತ ಅಲ್ರಿ. ಕೇಳಿದ್ದು ಆಗ್ಲೇ ನಿನ್ನ ಕೈಯಾಗ ಐತಿ, ಮತ್ತ್ಯಾಕ ಕೇಳಾಕತ್ತಿ ಅಂತ ಹೇಳತೈತಿ.”

“ನಾ ಒಂದ ಸಲ ಕೇಳೇನಿ ಅಕ್ಕಾ. ಅಲ್ಲಾನ ಆಣಿ.”

“ಹಂಗಾರ ಮೊದಲ ಕೇಳಿದಾಂವ ಯಾರು?”

ಅವಳು ಸಾಲುಗಳನ್ನು ಮೇಲೆ ಸರಿಸಿದಳು. ಅಂಥದೇ ಇನ್ನೊಂದು ಬೇಡಿಕೆ ಸಿಕ್ಕಿತು. ಅದರ ನೆತ್ತಿಯ ಮೇಲೆ ಟಿಪ್ಪಣಿ: ‘ಎಂಟ್ರಿ ನಂದು, ಎಂಡಿಂಗೂ ನಂದ. ನೀ ಬರೇ ಟಿಕೇಟ್ ತಗೊಂಡಾಂವ.’

ಯಾರೂ ದುಂಡೇಶನ ಹೆಸರು ಹೇಳಲಿಲ್ಲ. ಆ ಮಹಡಿಯಲ್ಲಿ ಹಾಗೆ ಮಾತಾಡುವವನು ಇನ್ನೊಬ್ಬನಿರಲಿಲ್ಲ.

“ಮುಂಜಾನೇನ ನಿನ್ನ ಹೆಸರ ಕೊಟ್ಟಿದ್ನಲೇ,” ಎಂದಳು ಉಜ್ವಲಾ ದುಂಡೇಶನಿಗೆ, ದನಿ ಎತ್ತದೆ. “ಆಫೀಸಿನಾಗ ನಗಸಾಂವ ಒಬ್ಬ ಇರ್ಲಿ ಅಂತ.” ಆಮೇಲೆ ಭಾವುಸಾಹೇಬರತ್ತ ತಿರುಗಿದಳು. “ಅಸ್ಫಾಕನ ಹೆಸರ ಹಾಕ್ರಿ.”

ದುಂಡೇಶ ಎಳೆದುಕೊಂಡಿದ್ದ ಕಾಲರನ್ನು ಕೆಳಗಿಳಿಸಿದ.

ಅಸ್ಫಾಕ ಕೀಬೋರ್ಡನ್ನು ಅವನತ್ತ ತಳ್ಳಿದ. “ನೀನ ಅಳಸ್ತಿಯೋ, ನಾ ಅಳಸ್ಲೋ?”

ದುಂಡೇಶ ತನ್ನ ಸಾಲುಗಳನ್ನು ಅಳಿಸಿ ಪ್ರೋಗ್ರಾಮು ಓಡಿಸಿದ. ಸೊನ್ನೆ ಬಂತು. ಉಜ್ವಲಾ ಅಸ್ಫಾಕನ ಬೆನ್ನು ತಟ್ಟಿದಳು. ದುಂಡೇಶ ಆ ಕೈಯನ್ನೇ ನೋಡುತ್ತ ಮತ್ತೆ ಕರುಬಿದ.