ಎಡ ಹಿಮ್ಮಡಿ, ಬಲ ತುದಿ

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ತಲೆಯಿಂದ ಮಾಡಿದರೆ ವಿಜ್ಞಾನದ ಪಾಠವಾಗುತ್ತದೆ. ಎದೆಯಿಂದ ಮಾಡಿದರೆ ನೀವು ಈಗಲೇ ಕರವಸ್ತ್ರ ಹುಡುಕುತ್ತೀರಿ. ಕಾಲಿನಿಂದಲೇ ಮಾಡುತ್ತೇನೆ. ಹೇಗೂ ನನ್ನ ಕಥಾನಾಯಕ ಮನುಷ್ಯರನ್ನು ನೋಡುವುದು ಅಲ್ಲಿಂದಲೇ.

೧

ಅವನು ಚಪ್ಪಲಿ, ಶೂ ರಿಪೇರಿ ಮಾಡುವವನು. ಬೀದಿಯವರ ಬಾಯಲ್ಲಿ ಹಿಮ್ಮಡಿ ಮಾವ. ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗೆ ಅವನ ಅಂಗಡಿ. ಎದ್ದು ನಿಂತರೆ ತಲೆ ತಗಲುತ್ತದೆ, ಆದ್ದರಿಂದ ಏಳುವುದು ಕಡಿಮೆ. ಎದ್ದರೂ ಬಲಗಾಲನ್ನು ಪೂರ್ತಿ ಎತ್ತಲಾರ. ಹರೆಯದಲ್ಲಿ ಏಣಿಯಿಂದ ಬಿದ್ದ ಕಾಲು. ನಡೆದರೆ ಬೆರಳ ತುದಿ ನೆಲ ಸವರಿಕೊಂಡು ಬರುತ್ತದೆ. ಟಕ್, ಸ್ಸ್. ಟಕ್, ಸ್ಸ್.

ಅವನಿಗೊಬ್ಬಳು ಮಗಳು. ಎರಡೂವರೆ ವರ್ಷದವಳಿದ್ದಾಗ ಅವನೂ ಅವನ ಹೆಂಡತಿಯೂ ಅನಾಥಾಲಯದಿಂದ ಎತ್ತಿಕೊಂಡು ಬಂದ ಮಗು. ಅದನ್ನು ಯಾರೂ ಅವಳಿಂದ ಮುಚ್ಚಿಟ್ಟಿಲ್ಲ. ಹೆಂಡತಿ ಈಗಿಲ್ಲ.

(ಮೊದಲ ಕರಡಿನಲ್ಲಿ ಮಗಳನ್ನು ಜೀವಶಾಸ್ತ್ರದ ಟೀಚರ್ ಮಾಡಿದ್ದೆ. ಹುಟ್ಟಿನಿಂದ ಬರುವುದೆಷ್ಟು, ಬೆಳೆದ ಮನೆಯಿಂದ ಬರುವುದೆಷ್ಟು ಎಂದು ಅವಳ ಬಾಯಲ್ಲೇ ಹೇಳಿಸಿಬಿಟ್ಟರೆ ನನ್ನ ಕೆಲಸ ಹಗುರ. ಮಾವ ತಲೆಯೆತ್ತದೆಯೇ ಗದರಿದ.

"ಏನ್ ಸ್ವಾಮಿ, ನನ್ನ ಮಗಳಿಗೆ ಕೆಲಸ ಕೊಡೋಕೆ ನೀವ್ಯಾರು? ಅವಳು ಬಸ್ಸಲ್ಲಿ ಕಂಡಕ್ಟರ್. ದಿನವಿಡೀ ನಿಂತೇ ಇರ್ತಾಳೆ. ಅದಕ್ಕೇ ಚಪ್ಪಲಿ ಬೇಗ ಸವೆಯೋದು."

ಸರಿ. ಕಂಡಕ್ಟರ್ ಅಂದರೆ ಕಂಡಕ್ಟರ್.)

೨

ಮಗಳ ಚಪ್ಪಲಿ ಸವೆಯುವುದು ಎರಡೇ ಜಾಗದಲ್ಲಿ. ಎಡಗಾಲಿನದು ಹಿಮ್ಮಡಿಯ ಹೊರ ಅಂಚು, ಬಲಗಾಲಿನದು ತುದಿ. ಹಿಮ್ಮಡಿಗೆ ಹೊಸ ಅಟ್ಟೆ, ತುದಿಗೆ ಒಂದು ತೊಗಲಿನ ತುಂಡು. ಇಪ್ಪತ್ತೈದು ವರ್ಷದಿಂದ ಮಾಡುತ್ತಿರುವ ಕೆಲಸ. ಕೈಗೆ ಕಣ್ಣಿನ ಹಂಗಿಲ್ಲ.

ಹದಿನಾಲ್ಕರ ವಯಸ್ಸಿನಲ್ಲಿ ಅವಳೊಮ್ಮೆ ಅಂಗಡಿಯ ಡಬ್ಬದ ಮೇಲೆ ಕೂತು ಕೇಳಿದ್ದಳು.

"ಅಪ್ಪಾ, ನನ್ನನ್ನ ಹೆತ್ತವಳು ಯಾರು?"

"ಗೊತ್ತಿಲ್ಲ ಪುಟ್ಟೀ."

"ಗೊತ್ತಾದ್ರೆ ಹೇಳ್ತೀಯಾ?"

"ಹೇಳ್ತೀನಿ."

ಗೊತ್ತಾಗುವುದೇ ಇಲ್ಲ ಎಂಬ ಧೈರ್ಯದಲ್ಲಿ ಕೊಟ್ಟ ಮಾತು ಅದು.

೩

ಒಂದು ಮಂಗಳವಾರ, ನೆರೆತ ಕೂದಲಿನ ಹೆಂಗಸೊಬ್ಬಳು ಚೀಲದಿಂದ ನೀಲಿ ಚಪ್ಪಲಿ ತೆಗೆದು ಅವನ ಮುಂದಿಟ್ಟಳು. ಎಡದ್ದನ್ನು ತಿರುಗಿಸಿ ನೋಡಿದವನ ಕೈ ಅಲ್ಲೇ ನಿಂತಿತು. ಹಿಮ್ಮಡಿಯ ಹೊರ ಅಂಚು, ಅದೇ ಓರೆ, ಅದೇ ಆಳ. ಸಾವಿರಾರು ಹಿಮ್ಮಡಿ ಕಂಡಿದ್ದಾನೆ. ಇಂಥದ್ದನ್ನು ಒಬ್ಬಳಲ್ಲಿ ಮಾತ್ರ.

"ನಿಮ್ಮನೇಲಿ ಇನ್ಯಾರಿಗಾದ್ರೂ ಹೀಗೆ ಸವೆಯುತ್ತಾ ತಾಯಿ?"

"ನಮ್ಮಮ್ಮನದೂ ಹೀಗೇ ಸವೀತಿತ್ತು. ಯಾಕೆ?"

"ಸುಮ್ನೆ ಕೇಳ್ದೆ. ನಾಳೆ ಬನ್ನಿ."

(ನೀವು ಹೇಳುವುದು ನನಗೆ ಕೇಳಿಸುತ್ತಿದೆ. ಹಿಮ್ಮಡಿಯೇನು ಜನನ ಪ್ರಮಾಣಪತ್ರವೇ? ಅಲ್ಲ. ಕಾಕತಾಳೀಯ ಇರಬಹುದು ಎಂದು ನಾನೂ ಮಾವನಿಗೆ ಹೇಳಿ ನೋಡಿದೆ. ಅವನು ನನ್ನ ಶೂ ಕಡೆ ಒಂದು ನೋಟ ಬಿಟ್ಟ. ಅಂದಿನಿಂದ ನಾನು ಅವನೆದುರು ಕಾಲು ಚಾಚಿ ಕೂರುವುದಿಲ್ಲ.)

೪

ಅವನಿಗೆ ಭಯವಾಯಿತು. ಇದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಮಗಳು ಆ ಹೆಂಗಸನ್ನು ನೋಡಿದರೆ, ಇವಳೇ ನನ್ನವಳು ಎಂದು ಅವಳ ಹಿಂದೆ ಹೋಗಿಬಿಟ್ಟರೆ? ಮಾರನೆಯ ದಿನ ಚಪ್ಪಲಿ ಕಾಗದದಲ್ಲಿ ಸುತ್ತಿ ಕೊಟ್ಟ. ಬಾಯಿ ಬಿಡಲಿಲ್ಲ. ಅವಳು ಹೋದಳು.

ಕಥೆ ಇಲ್ಲಿಗೇ ಮುಗಿಯುವ ಕರಡೊಂದು ನನ್ನ ಬಳಿ ಇದೆ.

"ಅದನ್ನೇ ಇಟ್ಕೊಳ್ಳಿ ಸ್ವಾಮಿ, ಚೆನ್ನಾಗಿದೆ," ಎಂದ ಮಾವ. ನನ್ನ ಬರವಣಿಗೆಯನ್ನು ಅವನು ಹೊಗಳಿದ್ದು ಅದೇ ಮೊದಲು. ನನಗೆ ಅನುಮಾನ ಬಂದು ಆ ಕರಡನ್ನು ಪಕ್ಕಕ್ಕಿಟ್ಟೆ.

೫

ಗುರುವಾರ ಹೆಂಗಸು ಸಿಟ್ಟಿನಿಂದ ವಾಪಸ್ ಬಂದಳು.

"ಏನ್ರೀ ಮಾಡಿಟ್ಟಿದೀರಿ ಬಲಗಾಲಿಗೆ? ಎರಡು ಸಲ ಮುಗ್ಗರಿಸಿದೆ!"

ಅವನು ತಿರುಗಿಸಿ ನೋಡಿದ. ಬಲ ಚಪ್ಪಲಿಯ ತುದಿಯ ಕೆಳಗೆ ಒಂದು ತೊಗಲಿನ ತುಂಡು, ಅಂಚು ಕೆತ್ತಿ ನೀಟಾಗಿ ಹೊಲಿದದ್ದು. ಅಲ್ಲಿ ಸವೆತವೇ ಇರಲಿಲ್ಲ. ಎಡದ ಹಿಮ್ಮಡಿ ಮಗಳದೆಂದು ತಿಳಿದ ಕೈ, ಬಲದ ತುದಿಯನ್ನೂ ಮಗಳದೆಂದೇ ರಿಪೇರಿ ಮಾಡಿತ್ತು.

ಮೊದಲು ಅವನಿಗೆ ನಾಚಿಕೆಯಾಯಿತು. ಆಮೇಲೆ ನಗು ಬಂತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ನಗೋ ಅಂಥದ್ದೇನಾಯ್ತು?"

"ತಪ್ಪಾಯ್ತು ತಾಯಿ. ನಿಮ್ಮ ಬಲಗಾಲು ಸರಿಯಾಗಿದೆ. ಅದಕ್ಕೇ ನಗು ಬಂತು." ಕಣ್ಣೊರೆಸಿಕೊಂಡು ಕೇಳಿದ, "ನಿಮಗೆ ಮಕ್ಕಳು?"

ಅವಳು ಬೀದಿಯ ಕಡೆ ತಿರುಗಿದಳು. "ಒಬ್ಬಳಿದ್ದಳು. ಎರಡು ವರ್ಷ ಸಾಕಿದೆ. ಆಮೇಲೆ ಕೈಲಾಗದೆ ಅನಾಥಾಲಯದಲ್ಲಿ ಬಿಟ್ಟೆ. ಅದೆಲ್ಲ ಈಗ್ಯಾಕೆ? ಚಪ್ಪಲಿ ಯಾವಾಗ ಕೊಡ್ತೀರಿ?"

೬

ಅಂದು ಅವನು ಬೇಗ ಮನೆಗೆ ಹೋಗಿ ಮಂಚದ ಕೆಳಗಿನ ಪೆಟ್ಟಿಗೆ ಎಳೆದ. ಮಗಳ ಕಾಲಿಗೆ ಚಿಕ್ಕದಾದ ಶೂ, ಚಪ್ಪಲಿ ಯಾವುದನ್ನೂ ಅವನು ಎಸೆದವನಲ್ಲ. ಕಿಟಕಿಯ ಬೆಳಕಿನಲ್ಲಿ ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಬೋರಲು ಹಾಕಿದ.

ಮೊದಲನೆಯದು ಕೆಂಪು ಕ್ಯಾನ್ವಾಸಿನದು. ಅವಳು ಮನೆಗೆ ಬಂದ ದಿನ ಹಾಕಿಕೊಂಡಿದ್ದದ್ದು, ಅಂಗೈಯಲ್ಲಿ ಹಿಡಿಸುವಷ್ಟು. ಎಡ ಹಿಮ್ಮಡಿಯ ಹೊರ ಅಂಚು ಆಗಲೇ ಓರೆ. ಬಲದ ತುದಿಯಲ್ಲಿ ಒಂದು ಗೀರೂ ಇಲ್ಲ. ನಾಲ್ಕನೆಯ ವರ್ಷದ್ದರಲ್ಲಿ ತುದಿಗೆ ಸಣ್ಣ ಉಜ್ಜು. ಆರರದ್ದರಲ್ಲಿ ಬಣ್ಣ ಹೋಗಿದೆ. ಒಂಬತ್ತರದ್ದರಲ್ಲಿ ತೂತು.

ದಿನಾ ಬೆಳಿಗ್ಗೆ ಅವನ ಬೆರಳು ಹಿಡಿದು ಅಂಗಡಿಗೆ ಬರುತ್ತಿದ್ದಳು. ಟಕ್, ಸ್ಸ್. ಪಕ್ಕದಲ್ಲಿ ಪುಟ್ಟದೊಂದು ಟಕ್, ಸ್ಸ್. ಹೆಂಡತಿ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು, "ನೆಟ್ಟಗೆ ನಡಿಯೇ, ಅಪ್ಪನ್ನ ಅಣಕಿಸ್ತೀಯಾ?" ಮಗು ಅಣಕಿಸುತ್ತಿರಲಿಲ್ಲ. ನಡೆಯುವುದೆಂದರೆ ಹಾಗೇ ಎಂದುಕೊಂಡಿತ್ತು. ಆಮೇಲೆ ಅದೇ ರೂಢಿಯಾಯಿತು. ಚೆಂದದ ಕಾಲಿನ ಮಗುವಿಗೆ ತನ್ನ ಕುಂಟು ಅಂಟಿಸಿದೆನಲ್ಲ ಎಂದು ಅವನು ಎಷ್ಟೋ ವರ್ಷ ಒಳಗೊಳಗೇ ಕೊರಗಿದ್ದ.

ಈಗ ಆ ತೂತಿನಲ್ಲಿ ಹೆಬ್ಬೆರಳಿಟ್ಟು ಬಹಳ ಹೊತ್ತು ಕೂತ. ಅವನಿಗೆ ಸಂತೋಷವಾಗಿತ್ತು.

(ನಮ್ಮಮ್ಮ ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತಿದ್ದಳು. ನಾನೂ ಹಾಗೇ. ಬೀಗ ಮಾತ್ರವಲ್ಲ, ಕಥೆಯ ಕೊನೆಯ ಸಾಲನ್ನೂ. ಇದು ನನಗೆ ಅವಳ ರಕ್ತದಿಂದ ಬಂತೋ, ಬೀಗದ ಪಕ್ಕ ನಿಂತು ಕಾದದ್ದರಿಂದ ಬಂತೋ, ಕೇಳೋಣವೆಂದರೆ ಅವಳಿಲ್ಲ.)

೭

ಈಗ ಕೊನೆಗಳು. ಒಂದು: ಹೆಂಗಸು ಶುಕ್ರವಾರ ಬಂದು ಚಪ್ಪಲಿ ತೆಗೆದುಕೊಂಡು ಹೋಗುತ್ತಾಳೆ, ಮಗಳು ಶನಿವಾರ ಬರುತ್ತಾಳೆ, ಯಾರಿಗೂ ಏನೂ ತಿಳಿಯುವುದಿಲ್ಲ. ಎರಡು: ತಾಯಿ ಮಗಳು ತಬ್ಬಿಕೊಂಡು ಅಳುತ್ತಾರೆ, ಹಿನ್ನೆಲೆಯಲ್ಲಿ ಪಿಟೀಲು. (ಹೊಡೆದು ಹಾಕಿದ್ದೇನೆ.) ಮೂರನೆಯದನ್ನು ಯೋಚಿಸುವಷ್ಟರಲ್ಲಿ ಮಾವನೇ ಕೈ ಹಾಕಿಬಿಟ್ಟಿದ್ದ. ಆ ತುಂಡು ಬಿಚ್ಚುವುದು ಎರಡು ನಿಮಿಷದ ಕೆಲಸ. ಆದರೂ ಗುರುವಾರ ಅವನು ಹೆಂಗಸಿಗೆ ಹೇಳಿದ್ದು ಇದು: "ಹೊಲಿಗೆ ಮತ್ತೆ ಹಾಕ್ಬೇಕು ತಾಯಿ. ಶನಿವಾರ ನಾಲ್ಕು ಗಂಟೆಗೆ ಬನ್ನಿ."

ಶನಿವಾರ ನಾಲ್ಕಕ್ಕೆ ಡ್ಯೂಟಿ ಮುಗಿಸಿ, ಫ್ಲಾಸ್ಕಿನಲ್ಲಿ ಚಹಾ ಹಿಡಿದು ಮಗಳು ಬರುತ್ತಾಳೆ. ಒಂದು ವಾರವೂ ತಪ್ಪಿಸಿದವಳಲ್ಲ.

ನಾನು ಗಾಬರಿಯಾದೆ. "ಮಾವ, ಇನ್ನೂ ಕಾಲ ಮಿಂಚಿಲ್ಲ. ಮಗಳು ಆಕೆಯ ಜೊತೆ ಹೊರಟೇಹೋದರೆ ಏನು ಮಾಡ್ತೀರಿ?"

ಅವನು ದಾರಕ್ಕೆ ಮೇಣ ಉಜ್ಜುತ್ತಿದ್ದ. "ಹೋದ್ರೆ ಹೋಗ್ಲಿ ಸ್ವಾಮಿ. ನನ್ನ ಥರಾನೇ ನಡ್ಕೊಂಡು ತಾನೇ ಹೋಗೋದು?"



೮

ಶನಿವಾರ, ನಾಲ್ಕಕ್ಕೆ ಐದು ನಿಮಿಷ ಇದೆ. ನೀಲಿ ಚಪ್ಪಲಿ ಸಿದ್ಧವಾಗಿದೆ. ಬಿಚ್ಚಿದ ತುಂಡು ಮಾವನ ಅಂಗಿಯ ಜೇಬಿನಲ್ಲಿದೆ. ಮೆಟ್ಟಿಲ ಕೆಳಗೆ ಕೂತವನಿಗೆ ಬೀದಿ ಕಾಣುವುದು ಮೊಣಕಾಲಿನವರೆಗೆ ಮಾತ್ರ. ಬೀದಿಯ ಎರಡು ಕಡೆಯಿಂದಲೂ ಹೆಜ್ಜೆಗಳು ಬರುತ್ತಿವೆ. ಎರಡೂ ಕಡೆಯ ಎಡಗಾಲುಗಳು ಒಂದೇ ಸದ್ದು ಮಾಡುತ್ತಿವೆ.

ಇಲ್ಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡಬೇಕು ಎಂದು ನನ್ನ ಕೈ ತುರಿಸುತ್ತಿದೆ. ಮಾವ ಸುತ್ತಿಗೆ ಕೆಳಗಿಟ್ಟು, "ಶ್, ಸ್ವಲ್ಪ ಸುಮ್ನಿರಿ ಸ್ವಾಮಿ," ಎನ್ನುತ್ತಾನೆ.

ಅವನು ಬಲಗಾಲಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದಾನೆ.