ಮನೆಯಲ್ಲಿ ಇರಲಿಲ್ಲ

ಕಳೆದ ಶನಿವಾರ ಬೆಳಗಿನ ಕಾಫಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಡೆಲ್ಬರ್ಟ್ ಟಟಲ್ ನಾಲ್ಕು ಸಾವಿರದ ನೂರ ಹದಿನೆಂಟು ಮನೆಗಳ ಬಾಗಿಲು ತಟ್ಟಿ ವೋಟು ಕೇಳಿ ಬಂದಿದ್ದ. ಎಡಸಾಲಿನ ಮನೆಗಳನ್ನು ಎಡಗೈಯಿಂದ, ಬಲಸಾಲಿನವನ್ನು ಬಲಗೈಯಿಂದ. ಅವನ ಓಟಕ್ಕೆ ಎದ್ದ ಧೂಳಿನಲ್ಲಿ ಊರಿನ ನೀರಿನ ಟ್ಯಾಂಕು ಕಳೆದೇಹೋಗಿ, ಕೊನೆಗೆ ಪಕ್ಕದ ಕೌಂಟಿಯವರು ಹುಡುಕಿ ತಂದುಕೊಟ್ಟರಂತೆ.

"ನಮ್ಮ ಕಾಲ್ಟನ್ನಲ್ಲಿ ಅಷ್ಟು ಮನೆ ಎಲ್ಲಿವೆಯೋ?" ಎಂದ ಮೇಜಿನ ಆಚೆ ಕೂತ ವರ್ಲನ್, ಡಾಮಿನೊ ಆಟದ ಬಿಲ್ಲೆಗಳನ್ನು ಎರಡೂ ಅಂಗೈಯಲ್ಲಿ ಕಲಸುತ್ತಾ.

"ಕೆಲವು ಮನೆ ಎರಡೆರಡು ಸಲ ತಟ್ಟಿದೆ ಕಣೋ. ಮೊದಲನೇ ಏಟಿಗೆ ಬಾಗಿಲೇ ಬಿದ್ದುಹೋಯ್ತು. ಎತ್ತಿ ನಿಲ್ಲಿಸಿ ಮತ್ತೆ ತಟ್ಟಬೇಡವಾ?"

ಹತ್ತಿ ಬಿಡಿಸುವ ಜಿನ್ನಿನ ಆಫೀಸಿನಲ್ಲಿ ನಗು ಎದ್ದಿತು. ಎಷ್ಟು ಜೋರಾಗಿ ಎಂದರೆ ಹೊರಗೆ ಕಟ್ಟಿಟ್ಟ ಹತ್ತಿಯ ಅಂಡಿಗೆಗಳು ಎರಡಡಿ ಮೇಲೆದ್ದು ಕೂತವು. ಅಥವಾ ಡೆಲ್ಬರ್ಟ್‌ಗೆ ಹಾಗನ್ನಿಸಿತು. ಈ ನಗುವಿಗಾಗಿ ಅವನು ಏನು ಬೇಕಾದರೂ ಹೇಳಬಲ್ಲವನಾಗಿದ್ದ.

ಪಶ್ಚಿಮ ಟೆಕ್ಸಸ್ಸಿನ ಈ ಊರಿನಲ್ಲಿ ಅವನ ಪಕ್ಷದ ಹೆಸರೆತ್ತಿದರೆ ನಾಯಿಯೂ ಎದ್ದು ಬೇರೆ ಕಡೆ ಮಲಗುತ್ತಿತ್ತು. ಅಂಥ ಪಕ್ಷಕ್ಕೆ ಡೆಲ್ಬರ್ಟ್ ಕೌಂಟಿ ಅಧ್ಯಕ್ಷ. ಅವನಿಗಿಂತ ಮುಂಚೆ ಆ ಕುರ್ಚಿ ಅವನ ಹೆಂಡತಿ ಲೊರೀನಳದು. ಅವಳು ಸತ್ತ ವಾರ ನಡೆದ ಸಭೆಗೆ ಅವನೊಬ್ಬನೇ ಹೋಗಿದ್ದ. ತಾನೇ ಸೂಚಿಸಿ, ತಾನೇ ಅನುಮೋದಿಸಿ, ಅವಳ ಕುರ್ಚಿ ಖಾಲಿ ಬಿಡಲಾರದೆ ಕೂತುಬಿಟ್ಟಿದ್ದ. ಅದಾಗಿ ಹದಿನಾಲ್ಕು ವರ್ಷ. ಬಿಡೋಣವೆಂದರೆ ಅವಳ ಹೆಸರು ಅಳಿಸಿದಂತೆ. ಕೆಲಸವನ್ನು ನಿಜವಾಗಿ ಮಾಡೋಣವೆಂದರೆ ಈ ಡಾಮಿನೊ ಮೇಜು ಕೈತಪ್ಪುತ್ತದೆ. ಹಿಂದೊಮ್ಮೆ ಪರ್ವಿಸ್ ಎಂಬ ಪಾಪದವನು ಮನೆಮನೆಗೆ ಹೋಗಿ ಇದೇ ಪಕ್ಷಕ್ಕೆ ಗಂಭೀರವಾಗಿ ವೋಟು ಕೇಳಿದ್ದ. ಯಾರೂ ಬೈಯಲಿಲ್ಲ, ಕಲ್ಲೆಸೆಯಲಿಲ್ಲ. ಡಾಮಿನೊ ಆಟಕ್ಕೆ ನಾಲ್ಕನೆಯವರು ಬೇಕೆಂದಾಗ ಅವನನ್ನು ಕರೆಯಲಿಲ್ಲ, ಅಷ್ಟೆ. ಒಂದು ವರ್ಷ ಕಾದು ನೋಡಿ ಮನೆ ಮಾರಿ ಹೊರಟುಹೋದ. ಡೆಲ್ಬರ್ಟ್ ಅವನಿಗಿಂತ ಬುದ್ಧಿವಂತ. ತನ್ನ ಪಕ್ಷವನ್ನೇ ಒಂದು ದೊಡ್ಡ ಜೋಕು ಮಾಡಿ, ಆ ಜೋಕಿನೊಳಗೆ ಬೆಚ್ಚಗೆ ಕೂತಿದ್ದ.

ಆಗ ಜಿನ್ನಿನ ಬಾಗಿಲು ತೆರೆದು ಹೆಂಗಸೊಬ್ಬಳು ಒಳಗೆ ಬಂದಳು. ಮೂವತ್ತೈದರ ಆಸುಪಾಸು, ಕೈಯಲ್ಲಿ ಒಂದು ಫೈಲು, ಚಪ್ಪಲಿಯ ತುಂಬ ಕೆಂಪು ಧೂಳು.

"ಮಿಸ್ಟರ್ ಟಟಲ್ ಯಾರು? ನಾನು ಗ್ರಾಸಿಯೆಲಾ ಕಂತೂ, ಆಸ್ಟಿನ್ನಿಂದ ಬಂದೆ. ಪಕ್ಷದ ರಾಜ್ಯ ಕಚೇರಿಯಿಂದ."

"ಅಧ್ಯಕ್ಷರೇ," ಎಂದ ವರ್ಲನ್, ಹ್ಯಾಟು ತೆಗೆದು, "ನಿಮ್ಮ ಪಕ್ಷದ ಇನ್ನರ್ಧ ಬಂತು ನೋಡಿ."

ಮತ್ತೆ ನಗು. ಗ್ರಾಸಿಯೆಲಾ ತಾನೂ ನಕ್ಕಳು. ಆಮೇಲೆ, "ಒಂದು ಗಂಟೆ ನನ್ನ ಜೊತೆ ಬರ್ತೀರಾ ಸಾರ್? ಬಾಗಿಲು ತಟ್ಟೋದು ಹೇಗೆ ಅಂತ ನಿಮ್ಮಿಂದ ಕಲಿಯಬೇಕು," ಎಂದಳು.

"ನಿಧಾನಕ್ಕೆ ತಟ್ಟೋ, ಬಾಗಿಲು ಬಿದ್ದೀತು!" ಎಂದು ಹಿಂದಿನಿಂದ ಯಾರೋ ಕೂಗಿದರು.

ಹೊರಗೆ ಗಾಳಿಗೆ ಹತ್ತಿಯ ಎಳೆಗಳು ಹಾರಿ ಬೇಲಿ, ವಿದ್ಯುತ್ ತಂತಿ, ಹುಬ್ಬು, ಎಲ್ಲಕ್ಕೂ ಅಂಟುತ್ತಿದ್ದವು. ಡೆಲ್ಬರ್ಟ್ ನಡೆಯುತ್ತಲೇ ಶುರುಮಾಡಿದ. ಈ ಊರಿನ ನಾಯಿಗಳು ಕರಡಿ ಗಾತ್ರದವು. ಒಂದು ಮನೆಯಲ್ಲಿ ಬಂದೂಕಿನ ನಳಿಗೆಗೆ ಪಕ್ಷದ ಕರಪತ್ರ ತುರುಕಿ ಬಂದಿದ್ದೇನೆ. ಒಂದು ವರ್ಷವಂತೂ ಸುಂಟರಗಾಳಿ ಬಂದು ಮನೆಗಳೇ ಹಾರುತ್ತಿದ್ದವು, ಹಾರುವ ಮನೆಗಳನ್ನೂ ಅಟ್ಟಿಸಿಕೊಂಡು ಹೋಗಿ ತಟ್ಟಿದ್ದೇನೆ.

ಗ್ರಾಸಿಯೆಲಾ ಕೇಳಿಸಿಕೊಂಡಳು. ಬೀದಿಯ ತಿರುವಿನಲ್ಲಿ ನಿಂತು ಫೈಲು ತೆರೆದಳು.

"ಹದಿನಾಲ್ಕು ವರ್ಷದ ನಿಮ್ಮ ಮನೆಭೇಟಿ ಹಾಳೆಗಳು ಸಾರ್. ಪ್ರತಿ ಚುನಾವಣೆಗೂ ಕಳಿಸಿದೀರಿ, ಒಂದೂ ತಪ್ಪಿಸಿಲ್ಲ. ಎಲ್ಲ ಮನೆ ಮುಂದೂ ಒಂದೇ ಮಾತು ಬರೆದಿದೆ: ಮನೆಯಲ್ಲಿ ಇರಲಿಲ್ಲ."

"ಊರು ಕೆಲಸದೂರು ತಾಯಿ. ಎಲ್ಲ ಹೊಲದಲ್ಲಿರ್ತಾರೆ."

"ನಮ್ಮೋರು ಸೋತಾಗಲೆಲ್ಲ ಆಸ್ಟಿನ್ನಲ್ಲಿ ನಕ್ಷೆ ಹಾಸ್ಕೊಂಡು ಕೂರ್ತಾರೆ. ಮೂವತ್ತು ವರ್ಷ ಆಯ್ತು, ಇಡೀ ರಾಜ್ಯ ವೋಟು ಹಾಕೋ ಒಂದು ಹುದ್ದೆನೂ ಗೆದ್ದಿಲ್ಲ. ದೊಡ್ಡ ಊರುಗಳಲ್ಲಿ ಗೆಲ್ತೀವಿ. ಇಂಥ ಇನ್ನೂರು ಕೌಂಟಿಯಲ್ಲಿ ನೂರಕ್ಕೆ ಹತ್ತು ವೋಟು ಬರತ್ತೆ, ಅಲ್ಲಿ ಗೆದ್ದಿದ್ದೆಲ್ಲ ಕೊಚ್ಚಿಹೋಗತ್ತೆ. ಈ ಊರು ಗೆಲ್ಲೋದು ಬೇಡ ಸಾರ್. ಹತ್ತು ಇಪ್ಪತ್ತಾಗಲಿ, ಸಾಕು. ಆದ್ರೆ ಕಾಲ್ಟನ್ ಹಾಳೆ ನೋಡಿದ ಕೂಡಲೇ 'ಇಲ್ಲಿ ಮನುಷ್ಯರೇ ಸಿಗಲ್ಲ, ಬಿಡಿ' ಅಂತ ಮುಂದಕ್ಕೆ ಹೋಗ್ತಾರೆ. ಎಲ್ಲ ಕಡೆ ಹೀಗೇನಾ ಅಂತ ನೋಡೋಕೆ ನಾನು ಹೊರಟಿದ್ದು."

ಡೆಲ್ಬರ್ಟ್ ಕರ್ಚೀಫು ತೆಗೆದು ಕತ್ತು ಒರೆಸಿಕೊಂಡ. ಅಕ್ಟೋಬರಿನ ಬಿಸಿಲು ಅಂಥ ಬಿಸಿಲೇನೂ ಆಗಿರಲಿಲ್ಲ.

"ಮೊದಲು ಯಾವ ಮನೆ?" ಎಂದ.

ಅವಳು ಕೈತೋರಿಸಿದಳು. ಹಸಿರು ಬಣ್ಣದ ಸಣ್ಣ ಮನೆ, ಮುಂದೆ ಅಕ್ರೋಟಿನಂಥ ಕಾಯಿ ಬಿಡುವ ಒಂದು ಪೆಕನ್ ಮರ. ವರ್ಲನ್‌ನ ತಾಯಿ, ಊರೆಲ್ಲ ಗೌರವಕ್ಕೆ ಮಿಸ್ ಒಲೀಟಾ ಎನ್ನುವವಳ ಮನೆ. ಡೆಲ್ಬರ್ಟ್ ಗಡಿಯಾರ ನೋಡಿಕೊಂಡ. ಹನ್ನೊಂದು ಮುಕ್ಕಾಲು. ಹನ್ನೆರಡಕ್ಕೆ ಸರಿಯಾಗಿ ವರ್ಲನ್ ಅಮ್ಮನಿಗೆ ಊಟ ತರುತ್ತಾನೆ.

"ಈಗ ಮಲಗಿರ್ತಾರೆ ಅವರು. ತೊಂಬತ್ತೊಂದು ವರ್ಷ. ಆ ಕಡೆ ಬೀದಿಗೆ ಹೋಗೋಣ."

"ಇವರನ್ನೇ ನೋಡೋಕೆ ನಾನು ಬಂದಿದ್ದು," ಎಂದು ಗ್ರಾಸಿಯೆಲಾ ಫೈಲಿನಿಂದ ಕಾಗದವೊಂದನ್ನು ತೆಗೆದಳು. ಗೀಟು ಹಾಳೆ, ನಡುಗುವ ಅಕ್ಷರ. ಓದಿದಳು: "'ಮಾನ್ಯರೇ, ಒಂಬತ್ತು ವರ್ಷದಿಂದ ನಾನು ಈ ಮನೆಯ ಹೊಸಿಲು ದಾಟಿಲ್ಲ. ಒಂದು ವಿಷಯ ತಿಳಿಸಿ. ನಿಮ್ಮ ಪಕ್ಷ ಪೂರ್ತಿ ಸತ್ತಿದೆಯೋ, ಅಥವಾ ನಮ್ಮ ಬೀದಿಯಲ್ಲಿ ಮಾತ್ರವೋ?'" ಕಾಗದ ಮಡಚಿದಳು. "ಒಂಬತ್ತು ವರ್ಷದಲ್ಲಿ ಐದು ಸಲ ಬಂದಿದೀರಿ ಸಾರ್, ನಿಮ್ಮ ಲೆಕ್ಕದಲ್ಲಿ. ಐದು ಸಲವೂ ಅವರು ಮನೆಯಲ್ಲಿ ಇರಲಿಲ್ಲ."

ಡೆಲ್ಬರ್ಟ್ ಬೀದಿಯ ಉದ್ದಕ್ಕೂ ಕಣ್ಣು ಹಾಯಿಸಿದ. ಓಡಿಹೋಗಲು ಬೀದಿಯ ಈ ತುದಿಯಲ್ಲಿ ಜಿನ್ನು, ಆ ತುದಿಯಲ್ಲಿ ಚರ್ಚು. ಎರಡೂ ಕಡೆ ಅವನನ್ನು ಬಲ್ಲವರೇ. ಅವಳು ಮೆಟ್ಟಿಲು ಹತ್ತಿ ಜಾಲರಿ ಬಾಗಿಲು ತಟ್ಟಿಯೇಬಿಟ್ಟಳು.

"ತೆರೆದೇ ಇದೆ, ಬನ್ನಿ," ಎಂದಿತು ಒಳಗಿನ ದನಿ.

ಮಿಸ್ ಒಲೀಟಾ ಕಿಟಕಿಯ ಪಕ್ಕ ಒರಗುಕುರ್ಚಿಯಲ್ಲಿದ್ದಳು. ತೊಡೆಯ ಮೇಲೆ ಬಟ್ಟಲು, ಬಟ್ಟಲಲ್ಲಿ ಪೆಕನ್ ಕಾಯಿ, ಕೈಯಲ್ಲಿ ಇಕ್ಕಳ. ಅವಳು ಗ್ರಾಸಿಯೆಲಾಳನ್ನು ನೋಡಿ ನಕ್ಕಳು, ಡೆಲ್ಬರ್ಟ್‌ನನ್ನು ನೋಡಿ ಕಾಯಿಯೊಂದನ್ನು ಫಟ್ ಎಂದು ಒಡೆದಳು.

"ನೀನು ಡೆಲ್ಬರ್ಟ್ ಅಲ್ವಾ? ಹ್ಯಾಟು ಪರಿಚಯ. ದಿನಾ ಎಂಟು ಗಂಟೆಗೆ ಈ ಕಿಟಕಿ ಮುಂದೆ ಹೋಗ್ತೀಯ, ಐದಕ್ಕೆ ವಾಪಸು."

"ಹೌದು ಮ್ಯಾಮ್. ಎಷ್ಟೋ ಸಲ ಬಾಗಿಲೂ ತಟ್ಟಿದ್ದೆ. ತಾವು ನಿದ್ದೆಯಲ್ಲಿದ್ದಿರಿ. ಗೊರಕೆ ಎಂಥದು ಅಂತೀರಿ! ರಸ್ತೇಲಿ ರೈಲು ಬಂತು ಅಂತ ಗೇಟು ಹಾಕಿದ್ರು."

ಮುದುಕಿ ನಗಲಿಲ್ಲ. "ಲೊರೀನ್ ಬರ್ತಿದ್ದಳು," ಎಂದಳು. "ಅಲ್ಲೇ, ಆ ಸ್ಟೂಲ್ ಮೇಲೆ ಕೂತು ಎರಡು ಲೋಟ ಕಾಫಿ ಕುಡಿಯೋಳು. ರಾಜಕೀಯ ಎರಡೇ ಮಾತು, ಉಳಿದಿದ್ದೆಲ್ಲ ನಿನ್ನ ಮೇಲೆ ಚಾಡಿ. ಅವಳು ಬರ್ತಿದ್ದಷ್ಟು ಕಾಲ ವೋಟು ಹಾಕಿದೆ. ಆಮೇಲೆ ಯಾರೂ ಬರಲಿಲ್ಲ. ಊರಿಗೆಲ್ಲ ನಾನೊಬ್ಬಳೇ ಉಳಿದೆ ಅಂದ್ಕೊಂಡೆ. ಒಬ್ಬಳ ವೋಟು ಎತ್ಕೊಂಡು ಏನು ಮಾಡಲಿ? ಬಿಟ್ಟುಬಿಟ್ಟೆ. ಎಷ್ಟು ಬಾಗಿಲು ತಟ್ಟಿದೀಯ ಮಗಾ, ಅವಳು ಹೋದ ಮೇಲೆ?"

"ನಾಲ್ಕು ಸಾವಿರ..."

ಫಟ್, ಇನ್ನೊಂದು ಕಾಯಿ.

"ನಾನೂರು ಇರಬಹುದು ಮ್ಯಾಮ್."

ಫಟ್.

"ನಲವತ್ತಂತೂ..." ಗ್ರಾಸಿಯೆಲಾ ನೆಲ ನೋಡುತ್ತಿದ್ದಳು. ಸ್ಟೂಲು ಖಾಲಿಯಿತ್ತು; ಅದರ ಮೇಲೊಂದು ಕಸೂತಿ ಬಟ್ಟೆ, ನಡುವೆ ಲೋಟದ ತಳದ ಕಂದು ಉಂಗುರ. "ಒಂದು," ಎಂದ ಡೆಲ್ಬರ್ಟ್.

"ಯಾವುದು?"

"ಇದೇ." ಆಮೇಲೆ ಹ್ಯಾಟು ತೆಗೆದ. "ಇದನ್ನೂ ನಾನು ತಟ್ಟಿಲ್ಲ ಮಿಸ್ ಒಲೀಟಾ. ಈಕೆ ತಟ್ಟಿದ್ದು. ನಾನು ಹಾಳೆಗಳನ್ನೆಲ್ಲ ಅಡುಗೆಮನೆ ಮೇಜಿನ ಮೇಲೆ ಕೂತು ತುಂಬಿಸ್ತಿದ್ದೆ."

ಯಾಕೆಂದು ಇಬ್ಬರೂ ಕೇಳಲಿಲ್ಲ. ಕೇಳದಿದ್ದುದರಿಂದ ಅವನೇ ಹೇಳಬೇಕಾಯಿತು.

"ತಟ್ಟಿದ್ರೆ ಬಾಗಿಲು ತೆಗೀತಾರಲ್ಲ ಮ್ಯಾಮ್. ತೆಗೆದೋರ ಮುಖ ನೋಡಿ ನಿಜವಾಗಿ ಕೇಳಬೇಕು. ಆಮೇಲೆ ಮಾರನೇ ದಿನ ಅವರ ಜೊತೆಗೇ ಡಾಮಿನೊ ಆಡಬೇಕು. ಲೊರೀನ್ ಇದ್ದಾಗ ಮನೆಗೆ ಹೋದ್ರೆ ಅವಳಿದ್ದಳು. ಈಗ ಆ ಮೇಜು ಬಿಟ್ರೆ ನನಗೆ ಬೇರೆ ಏನಿದೆ?"

ಹೊರಗೆ ಪಿಕಪ್ ಟ್ರಕ್ಕಿನ ಸದ್ದಾಯಿತು. ಡೆಲ್ಬರ್ಟ್‌ಗೆ ಆ ಇಂಜಿನ್ನಿನ ಕೆಮ್ಮು ನಿದ್ದೆಯಲ್ಲೂ ಗೊತ್ತು. ಮಿಸ್ ಒಲೀಟಾಗೂ ಗೊತ್ತು. ಅವಳು ಇಕ್ಕಳವನ್ನು ಬಟ್ಟಲಿಗೆ ಹಾಕಿದಳು.

"ಹೊರಗೆ ಹೋಗಿ ತಟ್ಟು," ಎಂದಳು. "ನಾನು ಮನೆಯಲ್ಲಿದೀನಿ."

ಅವನು ಹೊರಬಂದು ಜಾಲರಿ ಬಾಗಿಲನ್ನು ಎಳೆದುಕೊಳ್ಳುವಷ್ಟರಲ್ಲಿ ವರ್ಲನ್ ಮೆಟ್ಟಿಲ ಬುಡಕ್ಕೆ ಬಂದಿದ್ದ. ಕೈಯಲ್ಲಿ ಹುರಿದ ಕೋಳಿಯ ಕಾಗದದ ಪೊಟ್ಟಣ.

"ಏನೋ, ಅಮ್ಮನ ಮನೆ ಬಾಗಿಲಲ್ಲಿ ಏನು ಮಾಡ್ತಿದೀಯ?"

ನಾಲಗೆಯ ತುದಿಗೆ ಒಂದು ಸುಳ್ಳು ಹಾವು ಬಂದಿತ್ತು. ಹದಿನೆಂಟಡಿ ಉದ್ದದ್ದು, ಹ್ಯಾಟು ಹಾಕಿಕೊಂಡದ್ದು, ಜಗಲಿಯಡಿ ಸೇರಿಕೊಂಡದ್ದು. ಒಂದು ವಾರದ ನಗುವಿಗೆ ಸಾಲುವಂಥ ಹಾವು. ಡೆಲ್ಬರ್ಟ್ ಅದನ್ನು ನುಂಗಿಕೊಂಡ.

"ವೋಟು ಕೇಳೋಕೆ ಬಂದೆ," ಎಂದ. "ನಿಮ್ಮಮ್ಮನ್ನ. ಆಮೇಲೆ ನಿನ್ನ."

ವರ್ಲನ್ ನಕ್ಕ. "ಹೂಂ, ಮುಂದೆ?"

"ಮುಂದೆ ಏನಿಲ್ಲ. ಆ ನಾಲ್ಕು ಸಾವಿರ ಸುಳ್ಳು ಕಣೋ ವರ್ಲನ್. ಒಂದೂ ತಟ್ಟಿರಲಿಲ್ಲ. ಈಗ ತಟ್ಟಬೇಕು."

ವರ್ಲನ್ ಜೋಕಿನ ಉಳಿದರ್ಧಕ್ಕೆ ಕಾಯುತ್ತಾ ಅಲ್ಲೇ ನಿಂತ. ಅವನ ಮುಖದ ಮೇಲೆ ಉಳಿದ ನಗುವಿಗೆ ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ. ಪೊಟ್ಟಣದ ತಳದಲ್ಲಿ ಎಣ್ಣೆಯ ಕಲೆ ನಿಧಾನವಾಗಿ ಅಗಲವಾಗುತ್ತಿತ್ತು.

ಡೆಲ್ಬರ್ಟ್ ಅವನಿಗೆ ಬೆನ್ನು ಹಾಕಿ, ತಟ್ಟಲು ಬೆರಳ ಗೆಣ್ಣುಗಳನ್ನು ಎತ್ತಿದ. ಜಾಲರಿಗೆ ಹತ್ತಿಯ ಒಂದು ಎಳೆ ಸಿಕ್ಕಿಕೊಂಡಿತ್ತು. ಗಾಳಿಗೆ ಒಳಗೂ ಹೋಗದೆ, ಹೊರಗೂ ಬಾರದೆ ಅದುರುತ್ತಿತ್ತು.