ಮಾರದ ಅಕ್ಕಿ

ಚನ್ನರಾಯಪ್ಪನಿಗೆ ಸುಣ್ಣದ ಕಲೆಯಿಲ್ಲದ ಅಂಗಿ ಒಂದೂ ಇರಲಿಲ್ಲ. ಅಶ್ವತ್ಥಮ್ಮ ಟ್ರಂಕಿನ ತಳದವರೆಗೆ ಕೈಯಾಡಿಸಿ ಗಂಡನ ಬಟ್ಟೆಗಳನ್ನು ಒಂದೊಂದಾಗಿ ಹೊರಗೆಸೆಯುತ್ತಿದ್ದಳು. ತೋಳಿನ ಮೇಲೆ, ಕಾಲರಿನಲ್ಲಿ, ಜೇಬಿನ ಅಂಚಿನಲ್ಲಿ ಬಿಳಿ ಚುಕ್ಕೆಗಳು. ಮಗಳ ಮದುವೆಗೆ ಹೊಲಿಸಿದ ಅಂಗಿಯನ್ನೂ ಆ ಮನುಷ್ಯ ಬಿಟ್ಟಿರಲಿಲ್ಲ.

"ಮೇಲೆ ಹೊಸ ಬಟ್ಟೆ ಹೊದಿಸ್ತಾರಲ್ಲಕ್ಕ, ಒಳಗಿನ ಅಂಗಿ ಯಾರ್ ನೋಡ್ತಾರೆ?" ಎಂದಳು ಪಕ್ಕದ ಮನೆಯ ಬೈರಮ್ಮ.

"ಸಾವ್ಕಾರ್ರು ಬರ್ತಾರೆ ಕಣೇ. ಬೈತಾರೆ."

"ಸತ್ತೋರ್ನ ಬೈತಾರಾ?"

"ಇದ್ದಾಗ ಬಿಡದೋರು ಸತ್ತಾಗ ಬಿಡ್ತಾರಾ?"

ಅಳಿಯ ಕದಿರೇಶ ಮಾಲೂರಿನಿಂದ ತಂದಿದ್ದ ಚೀಲ ಬಿಚ್ಚಿ ತನ್ನದೇ ಒಗೆದ ಅಂಗಿ ಕೊಟ್ಟ. ಬೈರಮ್ಮ ಮುಖ ಕಿವುಚಿದಳು.

"ಬದುಕಿರೋರ ಅಂಗಿ ಹೆಣಕ್ಕೆ ಹಾಕಬಾರ್ದಪ್ಪ."

"ಸುಮ್ನಿರಮ್ಮ. ಬಿಸಿಲೇರ್ತಾ ಇದೆ."

ಚನ್ನರಾಯಪ್ಪ ಸತ್ತದ್ದು ಹಿಂದಿನ ದಿನ. ಗೌರಿ ಹಬ್ಬಕ್ಕೆಂದು, ತಾನು ಮ್ಯಾನೇಜರಾಗಿದ್ದ ಸಾವುಕಾರರ ಅಂಗಡಿಗೆ ತಾನೇ ಸುಣ್ಣ ಬಳಿದು, ಏಣಿಯಿಂದಿಳಿದು, ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಕೋಲಾರದಿಂದ ಅಂಬಾಸಿಡರ್ ಕಾರಿನಲ್ಲಿ ಸಾವುಕಾರ ಕೋದಂಡರಾಮಪ್ಪ ಬಂದರು. ಕೋಲಾರ, ಮಾಲೂರು, ಮುಳಬಾಗಿಲು, ಜನರ ಬಾಯಲ್ಲಿ ಶಿನಾಸ್ಪುರವಾದ ಈ ಶ್ರೀನಿವಾಸಪುರ, ನಾಲ್ಕು ಊರಲ್ಲೂ ಕೋದಂಡರಾಮ ಸ್ಟೋರ್ಸ್ ಅವರದೇ. ಹೂವಿನ ಹಾರ ಹಾಕಿದರು, ಕೈ ಮುಗಿದರು, ಆಮೇಲೆ ಕದಿರೇಶನನ್ನು ಹುಣಸೆಮರದ ಹತ್ತಿರ ಕರೆದುಕೊಂಡು ಹೋದರು.

"ಮಾಲೂರಲ್ಲಿ ಎಷ್ಟು ದಿನ ಅಂತ ತಕ್ಕಡಿ ಹಿಡೀತೀಯ? ನಾಳೆಯಿಂದ ಇಲ್ಲಿಗೆ ನೀನೇ ಮ್ಯಾನೇಜರು."

ಕದಿರೇಶ ತಲೆ ತಗ್ಗಿಸಿದ. ಬಸುರಿ ಹೆಣ ನೋಡಬಾರದೆಂದು ಮಾಲೂರಿನಲ್ಲೇ ಉಳಿದ ಹೆಂಡತಿ ಅಂಜಮ್ಮನಿಗೆ ಏಳನೇ ತಿಂಗಳು. ಬಾಡಿಗೆ ಮನೆಯಲ್ಲಿ ಒಂದೇ ಕೋಣೆ.

"ಆದ್ರೆ ಅಂಗಡಿ ಒಳಗೆ ಪೇರಿಸಿರೋ ಆ ಹುಳದ ಅಕ್ಕಿ ಇವತ್ತೇ ಖಾಲಿಯಾಗಬೇಕು. ಸಂಜೆ ಲಾರಿ ಬರುತ್ತೆ."

"ಇವತ್ತೇನಾ ಸಾವ್ಕಾರ್ರೇ? ಮಾವನ ಮಣ್ಣು..."

"ಮಣ್ಣು ಮುಗಿಸ್ಕೊಂಡೇ ಬಾ. ನಾಳಿದ್ದು ಹಬ್ಬ. ಮುಳಬಾಗಿಲಲ್ಲಿ ಟ್ಯೂಬ್‌ಲೈಟ್ ಹಾಕಿ ಗಾಜಿನ ಕಪಾಟು ಮಾಡಿಸಿದೀನಿ, ಅಲ್ಲಿಗೆ ಬಂದೋರು ಏನಂತಾರೆ ಗೊತ್ತಾ? 'ಶಿನಾಸ್ಪುರದ ಆ ಪಾಳು ಅಂಗಡಿಯೋರ್ದೇ ಅಲ್ವಾ ಇದೂ' ಅಂತಾರೆ."

ಕದಿರೇಶನಿಗೆ ಅದು ಹೊಸ ಮಾತಲ್ಲ. ಮಾಲೂರಿನಲ್ಲಿ ರವೆಯಲ್ಲಿ ಒಂದು ಹುಳ ಕಂಡರೂ ಹೆಂಗಸರು "ಶಿನಾಸ್ಪುರದ ಮಾಲಾ?" ಎಂದು ಪೊಟ್ಟಣವನ್ನು ಅವನ ಮುಂದೆ ತಳ್ಳುತ್ತಿದ್ದರು. ಮಾವನ ಮೇಲೆ ಅವನಿಗೆ ಒಳಗೇ ಸಿಟ್ಟಿತ್ತು.

"ಆಗಲಿ," ಎಂದ.

*

ಅಂಗಡಿ ಶುರುವಾದಾಗ ಗೌನಿಪಲ್ಲಿಯಿಂದ ಜನ ಬಸ್ಸಿನಲ್ಲಿ ಬಂದು ನೋಡುತ್ತಿದ್ದರು. ಮಾವಿನ ಮಂಡಿಯವರ ಹಳೇ ಮನೆ, ಮರದ ತೊಲೆ, ಮಣ್ಣಿನ ಮಾಳಿಗೆ. ಆಗ ಯಾರಿಗೂ ಅದು ಹಳೆಯದೆನ್ನಿಸಲಿಲ್ಲ. ಮಿಕ್ಕ ಊರುಗಳಲ್ಲಿ ಹೊಸ ಅಂಗಡಿಗಳೆದ್ದ ಮೇಲೆ ಎನ್ನಿಸಿತು.

ತೊಲೆಗೆ ಗೆದ್ದಲು ಹಿಡಿದದ್ದನ್ನು ಚನ್ನರಾಯಪ್ಪ ಒಮ್ಮೆ ಹೇಳಿದ್ದ. "ಆ ಕಟ್ಟಡಕ್ಕೆ ದುಡ್ಡು ಸುರಿಯೋ ಬದಲು ಬಾಗಿಲೇ ಹಾಕ್ತೀನಿ," ಎಂದರು ಸಾವುಕಾರರು. ಅವನು ಮತ್ತೆ ಬಾಯಿ ಬಿಡಲಿಲ್ಲ. ಬಿರುಕು ಬಿಟ್ಟಲ್ಲೆಲ್ಲ ಸುಣ್ಣ ಮೆತ್ತಿದ. ಹಬ್ಬ ಬಂದಾಗಲೆಲ್ಲ ಬಳಿದ.

ಒಂದು ಮಧ್ಯಾಹ್ನ ಅಶ್ವತ್ಥಮ್ಮ ಊಟದ ಕ್ಯಾರಿಯರ್ ತಂದಾಗ ಹಿಂದಿನ ಕೋಣೆಯಲ್ಲಿ ಅಕ್ಕಿಮೂಟೆಗಳು ನೆಲದಿಂದ ತೊಲೆಯವರೆಗೆ ಒತ್ತಾಗಿ ನಿಂತಿದ್ದವು. ಚೀಲದ ಹೊಲಿಗೆಯಲ್ಲಿ ಹುಳ ಹರಿಯುತ್ತಿತ್ತು.

"ಇದನ್ನ ಮಾರಬಾರ್ದಾ? ಪಕ್ಕದ ಬೇಳೆಗೂ ಹುಳ ಹತ್ತಿದೆಯಲ್ಲ. ನಾಲ್ಕು ಅಂಗಡಿಗೂ ಹರಡುತ್ತೆ."

"ಮೂಟೆ ಅನ್ಬೇಡ ಕಣೇ," ಎಂದ ಅವನು, ಅನ್ನ ಕಲಸುತ್ತ. "ಅದು ಕಂಬ."

"ಸಾವ್ಕಾರ್ರಿಗೆ ಹೇಳ್ರಿ."

"ಹೇಳಿದ್ರೆ ಬಾಗಿಲು ಹಾಕ್ತಾರೆ. ನೀನೂ ಬಾಯ್ಮುಚ್ಕೊಂಡಿರು."

ಅವಳು ಬಾಯಿ ಮುಚ್ಚಿಕೊಂಡಿದ್ದಳು.

*

ಸ್ಮಶಾನದ ಅರ್ಧ ದಾರಿಯಲ್ಲಿ ಚಟ್ಟ ಇಳಿಸುವುದು ಆ ಕಡೆಯ ಪದ್ಧತಿ. ಸತ್ತವನ ಕಿವಿಯಲ್ಲಿ ಮೂರು ಸಲ ಕೂಗುತ್ತಾರೆ, ಜೀವವಿದ್ದರೆ ಏಳಲಿ ಎಂದು. ಅರ್ಧ ದಾರಿಗೆ ಸಿಕ್ಕಿದ್ದು ಅಂಗಡಿಯೇ.

"ದಿಂಚಂಡ್ರಾ, ಇಲ್ಲೇ ಇಳಿಸ್ರೋ," ಎಂದ ಚನ್ನರಾಯಪ್ಪನ ಅಣ್ಣ ಪೆದ್ದಪ್ಪ.

ಕಾರಿನಲ್ಲಿ ಕೂತಿದ್ದ ಕೋದಂಡರಾಮಪ್ಪ ಕಿಟಕಿಯಿಂದ ತಲೆ ಹಾಕಿದರು. "ಸ್ವಲ್ಪ ಮುಂದೆ ಹೋಗಿ ಇಳಿಸ್ರಪ್ಪ, ಬಾಗಿಲ ಮುಂದೇನಾ?"

"ಇಷ್ಟು ವರ್ಷ ಇಲ್ಲೇ ಬಿದ್ದಿದ್ದ. ಇನ್ನೊಂದು ಗಳಿಗೆ ಬಿದ್ದಿರ್ಲಿ ಬಿಡಿ." ಪೆದ್ದಪ್ಪ ಅಳಿಯನ ಬೆನ್ನು ತಟ್ಟಿದ. "ಕೂಗೋ ಕದಿರೇಶ. ಅಂಗಡಿ ವಿಷಯ ಏನಾದ್ರೂ ಕೇಳು. ಎದ್ರೂ ಎದ್ದಾನು."

ಹಿಂದಿದ್ದವರು ನಕ್ಕರು. ಕದಿರೇಶ ಬಗ್ಗಿದ. "ಮಾವಾ. ಮಾವಾ. ಮಾವಾ."

ಚನ್ನರಾಯಪ್ಪ ಏಳಲಿಲ್ಲ. ಜಗಲಿಯ ಮೇಲೆ ಇಬ್ಬರು ಹಮಾಲಿಗಳು ಬೀಡಿ ಸೇದುತ್ತ ಲಾರಿಗೆ ಕಾಯುತ್ತಿದ್ದರು. ಒಳಗಡೆಯಿಂದ ಹಿಡಿ ಮಣ್ಣು ಉದುರಿದ ಸದ್ದು ಬಂತು. "ಇಲಿ," ಎಂದ ಒಬ್ಬ.

ಚಟ್ಟ ಎತ್ತಿದರು.

*

ಮಣ್ಣು ಮಾಡಿ, ಕೆರೆಯಲ್ಲಿ ಮುಳುಗೆದ್ದು ಗಂಡಸರು ಮನೆಗೆ ಬಂದಾಗ ಬಿಸಿಲು ಇಳಿದಿತ್ತು. ಒಬ್ಬೊಬ್ಬರೇ ಬಾಗಿಲಲ್ಲಿ ನಿಂತು ಒಳಗೆ ಹಚ್ಚಿಟ್ಟ ದೀಪ ನೋಡಿ ಹೋಗುತ್ತಿದ್ದರು. ಗೋಡೆಗೊರಗಿ ಕೂತಿದ್ದ ಅಶ್ವತ್ಥಮ್ಮ ಮುಖಗಳನ್ನು ನೋಡುತ್ತಿದ್ದಳು.

"ಭಾವಾ, ಕದಿರೇಶ ಎಲ್ಲಿ? ದೀಪ ನೋಡಲಿಲ್ಲ."

"ಹಸಿ ಪಂಚೇಲೇ ಅಂಗಡಿಗೆ ಓಡಿದ," ಎಂದ ಪೆದ್ದಪ್ಪ. "ಸಾವ್ಕಾರ್ರು ಮ್ಯಾನೇಜರ್ ಮಾಡವ್ರಂತೆ. ಅದೇನೋ ಹಳೇ ಅಕ್ಕಿ ಮೂಟೆ ಎತ್ತಿಸಬೇಕಂತಲ್ಲ."

"ಯಾವ ಮೂಟೆ?"

"ಹಿಂದಿನ ಕೋಣೇಲಿ ಪೇರಿಸವ್ರಂತೆ. ಹುಳ..."

ಅಶ್ವತ್ಥಮ್ಮ ಎದ್ದಳು. ಗಂಡ ಸತ್ತವಳು ಹೊಸಿಲು ದಾಟುವ ದಿನವಲ್ಲ ಅದು. ಬೈರಮ್ಮ ಸೆರಗು ಹಿಡಿದಳು. ಅವಳು ಕೊಸರಿಕೊಂಡು ಬೀದಿಗಿಳಿದಳು.

"ಎತ್ತಬೇಡಿ ಅನ್ರೋ! ಅದು ಕಂಬ ಕಣ್ರೋ, ಕಂಬ!"

ಬೀದಿಯ ಜನ, ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ದಾರಿ ಬಿಟ್ಟರು. ಯಾರೂ ಓಡಲಿಲ್ಲ. ಅವಳು ಬಸ್ ನಿಲ್ದಾಣ ದಾಟುವಷ್ಟರಲ್ಲಿ ಸದ್ದು ಕೇಳಿಸಿತು.

ಮಾಳಿಗೆ ಇರಲಿಲ್ಲ. ಮುಂದಿನ ಗೋಡೆ ಒಂದೇ ನಿಂತಿತ್ತು. ಲಾರಿಗೆ ಆಗಲೇ ಏರಿಸಿದ್ದ ಮೂಟೆಗಳಿಂದ ಅಕ್ಕಿ ರಸ್ತೆಗೆ ಸೋರುತ್ತಿತ್ತು. ಕೋದಂಡರಾಮಪ್ಪ ಕಾರಿನ ಪಕ್ಕ ನಿಂತು ಡ್ರೈವರನಿಗೆ ಕೂಗುತ್ತಿದ್ದರು.

"ಮೊದಲು ಆ ಬೋರ್ಡು ಇಳಿಸೋ! ಮುಳಬಾಗಿಲ ಬಸ್ ಬರ್ತಾ ಇದೆ, ಹೆಸರು ಕಾಣುತ್ತೆ!"

ಡ್ರೈವರು ಏಣಿ ಹತ್ತಿ ಬೋರ್ಡಿನ ಮೊಳೆ ಕೀಳತೊಡಗಿದ. ಜನ ಬರಿಗೈಯಲ್ಲಿ ಮಣ್ಣು ಬಗೆಯುತ್ತಿದ್ದರು.

ಕತ್ತಲಾಗುವ ಹೊತ್ತಿಗೆ ಹೋದದ್ದೆಷ್ಟೆಂದು ಗೊತ್ತಾಯಿತು. ಇಬ್ಬರು ಹಮಾಲಿಗಳು, ಒಬ್ಬ ಅಳಿಯ, ನಾಲ್ಕರಲ್ಲಿ ಒಂದು ಅಂಗಡಿ.